ಬಾನಿನ ದನಿಗೆ ಕಿವಿಗೊಟ್ಟ ವಿ. ರಾಧಾಕೃಷ್ಣನ್

ಗಡಿನಾಡಿನ ಕನ್ನಡಿಗರಾದ ನಮಗೆ ರೇಡಿಯೋ ಎಂಬುದು ಒಂದು ಕಾಲದಲ್ಲಿ ಬರಿಯ ಯಂತ್ರವಾಗಿರಲಿಲ್ಲ. ಕಚೇರಿಯ ಕಾಗದ, ಬಸ್ಸಿನ ಫಲಕ, ಅಂಗಡಿಯ ಬೋರ್ಡು ಎಲ್ಲವೂ ಬೇರೆ ಲಿಪಿಗೆ ತಿರುಗಿದ ಮೇಲೂ, ಸಂಜೆ ಚಾವಡಿಯಲ್ಲಿ ಕುಳಿತು ರೇಡಿಯೋದ ಮುಳ್ಳನ್ನು ಮೆಲ್ಲನೆ ಸರಿಸಿದರೆ ಕರಕರ ಸದ್ದಿನ ನಡುವಿನಿಂದ ಮಂಗಳೂರು ಆಕಾಶವಾಣಿಯ ಕನ್ನಡ ಕೇಳಿಬರುತ್ತಿತ್ತು. ಅತ್ತ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಮನೆಗಳಲ್ಲಿ ಧಾರವಾಡ ನಿಲಯಕ್ಕಾಗಿ ಅದೇ ಮುಳ್ಳು ಅದೇ ಬಗೆಯಲ್ಲಿ ಸರಿಯುತ್ತಿತ್ತು. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ನಾವು ಕೇರಳಕ್ಕೆ ಸೇರಿದೆವು, ಜತ್ತದವರು ಅಂದಿನ ಮುಂಬಯಿ ರಾಜ್ಯದಲ್ಲಿ ಉಳಿದರು. 1967ರ ಮಹಾಜನ ವರದಿಯಲ್ಲಿ ನಮ್ಮ ಹೆಸರೂ ಇತ್ತು, ಜತ್ತದ ಹಳ್ಳಿಗಳ ಹೆಸರೂ ಇತ್ತು. ಗೆರೆ ಮಾತ್ರ ಅಲ್ಲಿಯೇ ನಿಂತಿತು. ಆ ಗೆರೆಯನ್ನು ಲೆಕ್ಕಿಸದೆ ಎರಡೂ ಕಡೆ ಬಂದುದು ರೇಡಿಯೋ ಅಲೆ ಒಂದೇ.

ಆ ಕರಕರ ಸದ್ದಿನ ವಿಷಯವೇ ಇಂದು ನಮಗೆ ಬೇಕಾದುದು. 1933ರಲ್ಲಿ ಅಮೆರಿಕದ ಕಾರ್ಲ್ ಜಾನ್ಸ್ಕಿ ಎಂಬ ಎಂಜಿನಿಯರು, ಕಿರುತರಂಗದ ಸದ್ದಿನಲ್ಲಿ ಒಂದಂಶ ಭೂಮಿಯದಲ್ಲ, ಆಕಾಶಗಂಗೆಯಿಂದ ಬರುವಂಥದು ಎಂದು ಲೋಕಕ್ಕೆ ತಿಳಿಸಿದರು. ರೇಡಿಯೋ ಖಗೋಳ ವಿಜ್ಞಾನ ಹುಟ್ಟಿದುದು ಹೀಗೆ. ಈಚಿನ ವರ್ಷಗಳಲ್ಲಿ ಈ ವಿಜ್ಞಾನಿಗಳನ್ನು ಬಹಳವಾಗಿ ಕಾಡಿರುವುದು ಕ್ಷಿಪ್ರ ರೇಡಿಯೋ ಸ್ಫೋಟ ಎಂಬ ಹೊಸ ಒಗಟು. ಕೋಟಿಗಟ್ಟಲೆ ಜ್ಯೋತಿರ್ವರ್ಷಗಳಾಚೆಯಿಂದ ಒಂದು ಅಲೆ ಬರುತ್ತದೆ. ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲು ಹೊತ್ತು ಮಿಂಚಿ ಮಾಯವಾಗುತ್ತದೆ. ಸೂರ್ಯನು ದಿನಗಟ್ಟಲೆ ಸೂಸುವಷ್ಟು ಶಕ್ತಿ ಆ ಒಂದು ಚಣದಲ್ಲಿ ಹೊರಬಿದ್ದಿರುತ್ತದೆ. ಕೆಲವು ಕಡೆಗಳಿಂದ ಅದು ಮತ್ತೆ ಮತ್ತೆ ಬರುತ್ತದೆ. ಈ ಒಗಟನ್ನು ಬಿಡಿಸಲು ಇಂದಿನವರು ಕೈಗೆತ್ತಿಕೊಂಡ ಸಾಧನಗಳಲ್ಲಿ ಒಂದನ್ನು 1969ರಲ್ಲೇ ಮಾಡಿಟ್ಟು ಹೋದವರು ಬೆಂಗಳೂರಿನಲ್ಲಿ ಬೆಳೆದ ಒಬ್ಬ ಮಹನೀಯರು. ಅವರ ಜೀವನವನ್ನು ಓದುಗರ ಮುಂದಿಡಬೇಕೆಂಬುದು ನಮ್ಮ ಉದ್ದೇಶ.

ವೆಂಕಟರಾಮನ್ ರಾಧಾಕೃಷ್ಣನ್ ಅವರು ಹುಟ್ಟಿದುದು 1929ರ ಮೇ 18ರಂದು, ಮದ್ರಾಸಿನಲ್ಲಿ. ತಂದೆ ಸರ್ ಸಿ. ವಿ. ರಾಮನ್, ತಾಯಿ ಲೋಕಸುಂದರಿ ಅಮ್ಮಾಳ್. ಮಗು ಹುಟ್ಟಿದ ಮರುವರ್ಷವೇ ತಂದೆಗೆ ನೊಬೆಲ್ ಬಹುಮಾನ ಬಂತು. 1933ರಲ್ಲಿ ರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದಾಗ ಕುಟುಂಬವೂ ಬಂತು. ಮನೆಮಾತು ತಮಿಳು, ಬೆಳೆದ ನೆಲ ಕನ್ನಡದ್ದು. ಒಂದು ಭಾಷೆಯ ಮನೆಯಲ್ಲಿ ಹುಟ್ಟಿ ಇನ್ನೊಂದು ಭಾಷೆಯ ಊರಿನಲ್ಲಿ ಬೆಳೆಯುವುದೆಂದರೆ ಏನೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೆಸರಾಂತ ತಂದೆಯ ಮಗನಾಗಿರುವುದು ಸುಲಭದ ಸಂಗತಿಯಲ್ಲ. ಏನು ಮಾಡಿದರೂ ತಂದೆಯ ಹೆಸರಿನಿಂದ ಸಿಕ್ಕಿತು ಎನ್ನುವವರು ಇದ್ದೇ ಇರುತ್ತಾರೆ. ರಾಧಾಕೃಷ್ಣನ್ ಅವರು ತಂದೆಯ ದಾರಿಯನ್ನು ಹಿಡಿಯಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಆನರ್ಸ್ ಪದವಿ ಪಡೆದರು. ಓದಿ ಪಡೆದ ಪದವಿ ಅದೇ. ಡಾಕ್ಟರೇಟ್ ಎಂಬುದು ಮುಂದೆ ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾನಿಲಯದಿಂದ ಗೌರವವಾಗಿ ಬಂದದ್ದು. ಅವರ ಒಲವೆಲ್ಲ ಯಂತ್ರಗಳ ಕಡೆಗೆ, ಕೈಕೆಲಸದ ಕಡೆಗೆ. ತಮಗೆ ಬೇಕಾದ ಉಪಕರಣವನ್ನು ತಾವೇ ಮಾಡಿಕೊಳ್ಳಬೇಕು, ಕೆಟ್ಟರೆ ತಾವೇ ಬಿಚ್ಚಿ ನೋಡಬೇಕು ಎಂಬ ಜಾತಿಯವರು ಅವರು.

1955ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಚಾಲ್ಮರ್ಸ್ ಸಂಸ್ಥೆಗೆ ಹೋಗಿ ರೇಡಿಯೋ ಗ್ರಾಹಕಗಳ ಕೆಲಸದಲ್ಲಿ ಪಳಗಿದರು. ಆಕಾಶದಿಂದ ಬರುವ ಅಲೆ ಅತಿ ಕ್ಷೀಣವಾದುದು. ಗ್ರಾಹಕದ ಸ್ವಂತ ಗದ್ದಲವೇ ಅದನ್ನು ಮುಚ್ಚಿಬಿಡುವಂಥದು. ಆ ಗದ್ದಲವನ್ನು ತಗ್ಗಿಸುವ ಕಲೆ ತಿಳಿದವನೇ ಈ ವಿಜ್ಞಾನದಲ್ಲಿ ಗೆಲ್ಲುವವನು. ಅಲ್ಲಿಂದ ಅಮೆರಿಕದ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಗೆ ಹೋದರು. 1960ರಲ್ಲಿ ಜೆ. ಎ. ರಾಬರ್ಟ್ಸ್ ಅವರೊಡನೆ ಸೇರಿ ಗುರುಗ್ರಹದ ರೇಡಿಯೋ ಅಲೆಗಳನ್ನು ಅಳೆದರು. ಆ ಅಲೆಗಳು ಒಂದೇ ದಿಕ್ಕಿನಲ್ಲಿ ಹೆಚ್ಚಾಗಿ ಕಂಪಿಸುತ್ತಿದ್ದುವು; ಗ್ರಹಕ್ಕಿಂತ ಬಹಳ ಅಗಲವಾದ ಪ್ರದೇಶದಿಂದ ಬರುತ್ತಿದ್ದುವು. ಗುರುವಿಗೂ ಕಾಂತಕ್ಷೇತ್ರವುಂಟು, ಭೂಮಿಗೆ ಇರುವಂತೆ ಅದರ ಸುತ್ತಲೂ ವಿಕಿರಣ ಪಟ್ಟಿಯುಂಟು ಎಂಬುದಕ್ಕೆ ಇದು ಬಲವಾದ ಆಧಾರವಾಯಿತು. ಯಾವ ನೌಕೆಯೂ ಗುರುವಿನ ಬಳಿ ಸುಳಿಯದಿದ್ದ ಕಾಲದ ಮಾತು ಇದು. ಮೊದಲ ನೌಕೆ ಪಯೊನಿಯರ್ 10 ಅಲ್ಲಿಗೆ ಹೋದುದು 1973ರ ಡಿಸೆಂಬರಿನಲ್ಲಿ.

ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತದೆ ಎಂಬುದನ್ನು ಧ್ರುವೀಕರಣ ಎನ್ನುತ್ತಾರೆ. ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಮೇಲೆ ಕೆಳಗೆ ಅಲುಗಿಸಿದರೆ ಅಲೆ ನೆಟ್ಟಗೆ ನಿಂತು ಓಡುತ್ತದೆ. ಎಡಕ್ಕೆ ಬಲಕ್ಕೆ ಅಲುಗಿಸಿದರೆ ಮಲಗಿ ಓಡುತ್ತದೆ. ಕಂಬದ ಬಳಿ ನಿಂತವನು ಅಲೆಯ ನಿಲುವನ್ನು ನೋಡಿಯೇ ಆ ತುದಿಯಲ್ಲಿ ಕೈ ಹೇಗೆ ಅಲುಗುತ್ತಿದೆ ಎಂದು ಹೇಳಬಲ್ಲ. ರಾಧಾಕೃಷ್ಣನ್ ಅವರ ಜೀವಮಾನದ ವಿದ್ಯೆ ಎಂದರೆ ಇದೇ.

1965ರಲ್ಲಿ ಅವರು ಆಸ್ಟ್ರೇಲಿಯಕ್ಕೆ ಹೊರಟರು. ವಿಮಾನದಲ್ಲಲ್ಲ, ಹಡಗಿನಲ್ಲೂ ಅಲ್ಲ. ಮೂರು ಒಡಲಿನ ಒಂದು ಪುಟ್ಟ ಹಾಯಿದೋಣಿಯಲ್ಲಿ ಮಹಾಸಾಗರಗಳನ್ನು ದಾಟಿ ಹೋದರು. ದೋಣಿಗೆ ಇಟ್ಟ ಹೆಸರು ಸಿಗ್ನಸ್ ಎ, ರೇಡಿಯೋ ಆಕಾಶದಲ್ಲಿ ಅತಿ ಪ್ರಕಾಶವಾಗಿ ಬೆಳಗುವ ಒಂದು ದೂರದ ಗೆಲಾಕ್ಸಿಯ ಹೆಸರು. ಕಡಲ ತಡಿಯವರಾದ ನಮಗೆ ಇದು ಎಂಥ ಧೈರ್ಯವೆಂಬುದು ತಿಳಿಯುತ್ತದೆ. ಗಾಳಿ ಬೀಸುವುದನ್ನು ಕಾಯುವುದು, ಬಂದಾಗ ಕೈಬಿಡದಿರುವುದು, ರಾತ್ರಿಯಿಡೀ ಎಚ್ಚರವಿರುವುದು, ಇವೆಲ್ಲ ದೂರದರ್ಶಕದ ಮುಂದೆ ಕೂರುವವನಿಗೂ ಬೇಕಾದ ಗುಣಗಳೇ.

ಆಸ್ಟ್ರೇಲಿಯದ ಪಾರ್ಕ್ಸ್ ಎಂಬ ಊರಿನ ಬಯಲಿನಲ್ಲಿ 64 ಮೀಟರ್ ಅಗಲದ ರೇಡಿಯೋ ದೂರದರ್ಶಕವಿದೆ. ಈ ಕಥೆಯಲ್ಲಿ ಅದು ಎರಡು ಸಲ ಬರುತ್ತದೆ. ಓದುಗರು ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. 1967ರಲ್ಲಿ ಇಂಗ್ಲೆಂಡಿನ ಜೋಸಲಿನ್ ಬೆಲ್ ಎಂಬ ವಿದ್ಯಾರ್ಥಿನಿ ಗಡಿಯಾರದಂತೆ ತಪ್ಪದೆ ಮಿಡಿಯುವ ಒಂದು ರೇಡಿಯೋ ಮೂಲವನ್ನು ಕಂಡಿದ್ದರು. ಪಲ್ಸಾರ್ ಎಂಬ ಹೆಸರು ಅದಕ್ಕೆ ಬಂತು. ಮಿಡಿಯುವುದು ಏನು, ಏಕೆ ಎಂದು ಲೋಕವೆಲ್ಲ ತಲೆ ಕೆಡಿಸಿಕೊಂಡಿತ್ತು. ಹಿಗ್ಗಿ ಕುಗ್ಗುವ ನಕ್ಷತ್ರವೆಂದು ಕೆಲವರು, ಗರಗರ ಸುತ್ತುವ ನಕ್ಷತ್ರವೆಂದು ಕೆಲವರು. 1968ರಲ್ಲಿ ದಕ್ಷಿಣದ ಆಕಾಶದ ವೇಲಾ ನಕ್ಷತ್ರಪುಂಜದಲ್ಲಿ ಇನ್ನೊಂದು ಪಲ್ಸಾರ್ ಸಿಕ್ಕಿತು. ಸುಮಾರು 1,000 ಜ್ಯೋತಿರ್ವರ್ಷ ದೂರದ್ದು, ಸೆಕೆಂಡಿಗೆ 11 ಸಲ ಮಿಡಿಯುವಂಥದು.

ರಾಧಾಕೃಷ್ಣನ್ ಮತ್ತು ಸಂಗಡಿಗರು ಪಾರ್ಕ್ಸಿನ ದೂರದರ್ಶಕವನ್ನು ಅದರತ್ತ ತಿರುಗಿಸಿ ಪ್ರತಿ ಮಿಡಿತದ ಒಳಗೆ ಅಲೆಯ ಕಂಪನದ ದಿಕ್ಕು ಹೇಗೆ ಬದಲಾಗುತ್ತದೆ ಎಂದು ಅಳೆದರು. ಮಿಡಿತ ಶುರುವಾಗಿ ಮುಗಿಯುವಷ್ಟರಲ್ಲಿ ಆ ದಿಕ್ಕು ಮೊದಲು ನಿಧಾನವಾಗಿ, ನಡುವೆ ಬೇಗಬೇಗನೆ, ಕೊನೆಗೆ ಮತ್ತೆ ನಿಧಾನವಾಗಿ ತಿರುಗುತ್ತಿತ್ತು. ಇದರ ಅರ್ಥವನ್ನು 1969ರಲ್ಲಿ ಅವರೂ ಡಿ. ಜೆ. ಕುಕ್ ಅವರೂ ಬಿಡಿಸಿ ಹೇಳಿದರು. ಕಾಪುವಿನ ದೀಪಸ್ತಂಭದ ಬೆಳಕು ಸುತ್ತುತ್ತಾ ಬಂದು ನಮ್ಮ ದೋಣಿಯನ್ನು ಸವರಿ ಹೋಗುವಂತೆ, ಸುತ್ತುವ ನ್ಯೂಟ್ರಾನ್ ನಕ್ಷತ್ರವೊಂದರ ಕಾಂತಧ್ರುವದಿಂದ ಹೊರಟ ಅಲೆಯ ಕಿರಣ ನಮ್ಮನ್ನು ಸವರಿ ಹೋಗುತ್ತಿದೆ. ಕಾಂತಧ್ರುವದ ಗೆರೆಗಳು ಕೊಡೆಯ ಕಡ್ಡಿಗಳಂತೆ ನಾಲ್ದಿಕ್ಕಿಗೂ ಹರಡಿರುತ್ತವೆ. ಕೊಡೆಯನ್ನು ನಮ್ಮ ಮುಂದೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸರಿಸಿದರೆ ಕಣ್ಣೆದುರಿನ ಕಡ್ಡಿಯ ಓರೆ ಹೇಗೆ ಬದಲಾಗುವುದೋ ಹಾಗೆಯೇ ಅಲೆಯ ದಿಕ್ಕೂ ಬದಲಾಗುತ್ತದೆ. ಆ ತಿರುವಿನ ಆಕಾರವನ್ನು ನೋಡಿ ಕಣ್ಣಿಗೆ ಕಾಣದ ನಕ್ಷತ್ರ ಸುತ್ತುತ್ತಿದೆ ಎಂದೂ ಅದರ ಕಾಂತಧ್ರುವ ನಮ್ಮ ನೋಟಕ್ಕೆ ಎಷ್ಟು ಹತ್ತಿರ ಹಾಯುತ್ತದೆ ಎಂದೂ ಹೇಳಬಹುದಾಯಿತು. ಪಲ್ಸಾರ್‌ಗಳ ವಿಷಯದಲ್ಲಿ ಈ ವಿವರಣೆ ಇಂದಿಗೂ ಅಡಿಗಲ್ಲಾಗಿ ನಿಂತಿದೆ.

ಅದೇ 1969ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಪಲ್ಸಾರ್‌ಗಳ ಸುತ್ತು ಕಾಲಕ್ರಮದಲ್ಲಿ ನಿಧಾನವಾಗುತ್ತಾ ಹೋಗುವುದು ಸಹಜ. ಆದರೆ ಫೆಬ್ರವರಿಯ ಕೊನೆ ಮತ್ತು ಮಾರ್ಚಿನ ಆರಂಭದ ನಡುವಿನ ಒಂದು ವಾರದಲ್ಲಿ ವೇಲಾ ಪಲ್ಸಾರ್ ಒಮ್ಮೆಲೇ ವೇಗವಾಯಿತು. ಆದ ಬದಲಾವಣೆ ಸೆಕೆಂಡಿನ ಕೋಟಿಯಲ್ಲಿ ಎರಡು ಪಾಲಿನಷ್ಟು ಮಾತ್ರ. ರಾಧಾಕೃಷ್ಣನ್ ಮತ್ತು ಮ್ಯಾಂಚೆಸ್ಟರ್ ಅದನ್ನು ಕಂಡುಹಿಡಿದರು. ಅಮೆರಿಕದಲ್ಲಿ ಇನ್ನಿಬ್ಬರು ಬೇರೆಯಾಗಿಯೇ ಕಂಡರು. ನ್ಯೂಟ್ರಾನ್ ನಕ್ಷತ್ರದ ಒಡಲಿನೊಳಗೆ ಏನಿದೆ ಎಂದು ತಿಳಿಯಲು ಮೊದಲ ಕಿಂಡಿ ತೆರೆದುದು ಇದರಿಂದ. ದಿನಗೂಲಿಯ ಲೆಕ್ಕದಂತೆ ಬಿಡದೆ ಬರೆದಿಟ್ಟವರಿಗಲ್ಲದೆ ಇಂಥದು ಸಿಕ್ಕುವುದಿಲ್ಲ.

1970ರ ನವೆಂಬರ್ 21ರಂದು ಸಿ. ವಿ. ರಾಮನ್ ಅವರು ತೀರಿಕೊಂಡರು. 1948ರಲ್ಲಿ ಅವರು ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಗೆ ಮುಂದಿನ ದಾರಿ ಏನೆಂಬ ಪ್ರಶ್ನೆ ಬಂತು. 1972ರಲ್ಲಿ ರಾಧಾಕೃಷ್ಣನ್ ಅದರ ನಿರ್ದೇಶಕರಾಗಿ ಬೆಂಗಳೂರಿಗೆ ಹಿಂತಿರುಗಿದರು. ಹೊರದೇಶದಲ್ಲಿ ಹೆಸರೂ ಸೌಕರ್ಯವೂ ಇದ್ದವರು ಅವರು. ತಂದೆಯ ಕುರ್ಚಿಯಲ್ಲಿ ಕುಳಿತರೂ ತಂದೆಯ ವಿಷಯಗಳನ್ನೇ ಮುಂದುವರಿಸಲಿಲ್ಲ. ಖಗೋಳ ವಿಜ್ಞಾನವನ್ನೂ ದ್ರವ ಹರಳುಗಳ ಅಧ್ಯಯನವನ್ನೂ ಸಂಸ್ಥೆಯ ಬೆನ್ನೆಲುಬಾಗಿಸಿದರು. 1994ರ ವರೆಗೆ, 22 ವರ್ಷ, ಆ ಹೊಣೆ ಹೊತ್ತರು. ಗೆಳೆಯರಿಗೆಲ್ಲ ಅವರು ಬರಿಯ ರಾಡ್.

ಆ ಕಾಲದಲ್ಲಿ ಕನ್ನಡ ನಾಡಿನ ನೆಲದ ಮೇಲೆ ಎದ್ದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಬೆಂಗಳೂರಿನ ಉತ್ತರಕ್ಕೆ ಗೌರಿಬಿದನೂರಿನ ಬಳಿ ರಾಮನ್ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಕೂಡಿ ಒಂದು ರೇಡಿಯೋ ದೂರದರ್ಶಕವನ್ನು ಕಟ್ಟಿದುವು. ಅದಕ್ಕೆ ಬೋಗುಣಿಯ ಆಕಾರವಿಲ್ಲ. ಬಯಲಿನಲ್ಲಿ ಕಂಬಗಳನ್ನು ನೆಟ್ಟು ತಂತಿ ಎಳೆದು 1,000 ಆಂಟೆನಾಗಳನ್ನು ಕೂರಿಸಿದ ವ್ಯವಸ್ಥೆ ಅದು. ಪೂರ್ವ ಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರ್ ಉದ್ದ, ನಡುವಿನಿಂದ ತೆಂಕಣಕ್ಕೆ ಇನ್ನೊಂದು ತೋಳು. 34.5 ಮೆಗಾಹರ್ಟ್ಸ್ ಕಂಪನಾಂಕದ ಉದ್ದನೆಯ ಅಲೆಗಳನ್ನು ಹಿಡಿಯುವುದು ಅದರ ಕೆಲಸ. ಬೆಂಗಳೂರಿನ ಸಂಸ್ಥೆಯ ಅಂಗಳದಲ್ಲಿ 10.4 ಮೀಟರ್ ಅಗಲದ, ಅತಿ ಕಿರಿದಾದ ಅಲೆಗಳ ದೂರದರ್ಶಕವೂ ಎದ್ದಿತು. 1982ರಲ್ಲಿ ಸೆಕೆಂಡಿಗೆ 642 ಸಲ ಸುತ್ತುವ ವಿಚಿತ್ರ ಪಲ್ಸಾರ್ ಸಿಕ್ಕಿದಾಗ, ಅದು ಜೊತೆಯ ನಕ್ಷತ್ರದಿಂದ ವಸ್ತುವನ್ನು ಸೆಳೆದುಕೊಂಡು ಮತ್ತೆ ವೇಗ ಪಡೆದ ಮುದಿ ಪಲ್ಸಾರ್ ಎಂದು ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ವಿವರಿಸಿದರು. ಆ ಲೇಖನವನ್ನು ಪ್ರಕಟಿಸಿದುದು ವಿಲಾಯತಿಯ ಪತ್ರಿಕೆಯಲ್ಲಲ್ಲ, ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ.

ಇನ್ನು ಪಾರ್ಕ್ಸ್ ಎರಡನೆಯ ಸಲ ಬರುವ ಕಥೆ. 2007ರಲ್ಲಿ ಡಂಕನ್ ಲಾರಿಮರ್ ಮತ್ತು ಸಂಗಡಿಗರು ಪಾರ್ಕ್ಸಿನಲ್ಲಿ 2001ರಲ್ಲಿ ದಾಖಲಾಗಿದ್ದ ಹಳೆಯ ಮಾಹಿತಿಯನ್ನು ಜಾಲಾಡುವಾಗ ಒಂದೇ ಒಂದು ತೀವ್ರವಾದ ಮಿಡಿತವನ್ನು ಕಂಡರು. ಅದು ಬಹಳ ದೂರದಿಂದ ಬಂದುದೆಂದು ತಿಳಿದುದು ಹೇಗೆ? ಒಂದೇ ಮಿಡಿತದಲ್ಲಿ ಗಿಡ್ಡ ಅಲೆಯೂ ಉದ್ದ ಅಲೆಯೂ ಒಟ್ಟಿಗೆ ಹೊರಟಿರುತ್ತವೆ. ದಾರಿಯುದ್ದಕ್ಕೂ ಬಾಹ್ಯಾಕಾಶದಲ್ಲಿ ಚದರಿರುವ ಎಲೆಕ್ಟ್ರಾನುಗಳು ಉದ್ದ ಅಲೆಯನ್ನು ಹೆಚ್ಚು ತಡೆಯುತ್ತವೆ. ಕೆಸರುಗದ್ದೆಯಲ್ಲಿ ಅಪ್ಪ ಮಗ ಒಟ್ಟಿಗೆ ಹೊರಟರೆ ಮಗ ಹಿಂದುಳಿಯುವಂತೆ; ಗದ್ದೆ ಅಗಲವಾದಷ್ಟೂ ಅಂತರ ಹೆಚ್ಚು. ಆ ಅಂತರವನ್ನು ಅಳೆದರೆ ದೂರದ ಅಂದಾಜು ಸಿಗುತ್ತದೆ.

ಬಹುಮಂದಿ ನಂಬಲಿಲ್ಲ. ನಂಬದಿರಲು ಕಾರಣವೂ ಇತ್ತು. ಪಾರ್ಕ್ಸಿನಲ್ಲಿ ಇದಕ್ಕೆ ಹೋಲುವ ಬೇರೆ ಮಿಡಿತಗಳೂ ಬರುತ್ತಿದ್ದುವು. ಕೊನೆಗೆ 2015ರಲ್ಲಿ ಅವುಗಳ ಮೂಲ ಅಲ್ಲಿನ ಮೈಕ್ರೋವೇವ್ ಒಲೆ ಎಂದು ತಿಳಿಯಿತು. ಒಲೆ ನಿಲ್ಲುವ ಮೊದಲೇ ಯಾರೋ ಬಾಗಿಲು ತೆರೆದಾಗ ಹೊರಬಿದ್ದ ಅಲೆ ಅದು! ಲಾರಿಮರ್ ಕಂಡುದು ಮಾತ್ರ ನಿಜವಾದುದೇ. ಅದಕ್ಕೆ ಮುಖ್ಯ ಬಲ ಬಂದುದು ಮರುಕಳಿಕೆಯಿಂದ. ಬಾಗಿಲು ಒಮ್ಮೆ ಸದ್ದಾದರೆ ಗಾಳಿ ಇರಬಹುದು ಎನ್ನುತ್ತೇವೆ. ಮತ್ತೆ ಮತ್ತೆ ತಟ್ಟಿದರೆ ಎದ್ದು ಹೋಗಿ ನೋಡುತ್ತೇವೆ. ಪೋರ್ಟೊ ರಿಕೊದ ಅರೆಸಿಬೊ ದೂರದರ್ಶಕಕ್ಕೆ 2012ರ ನವೆಂಬರ್ 2ರಂದು ಸಿಕ್ಕಿದ್ದ ಸ್ಫೋಟವೊಂದು 2015ರಲ್ಲಿ ಅದೇ ತಾಣದಿಂದ ಮತ್ತೆ ಹಲವು ಸಲ ಬಂತು. 2016ರಲ್ಲಿ ಅದು ಪ್ರಕಟವಾಯಿತು. ಮತ್ತೆ ಬರುವುದೆಂದರೆ ಅದನ್ನು ಹೊರಡಿಸಿದ ಕಾಯ ಸಿಡಿದು ನಾಶವಾಗಿಲ್ಲ ಎಂದೇ ಅರ್ಥ. ಬರುವ ತಾಣ ತಿಳಿದರೆ ದೂರದರ್ಶಕಗಳನ್ನು ಅತ್ತ ತಿರುಗಿಸಿ ಕಾಯಬಹುದು. 2017ರಲ್ಲಿ ಅದು 300 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಕಿರು ಗೆಲಾಕ್ಸಿಯಲ್ಲಿದೆ ಎಂದು ಗೊತ್ತಾಯಿತು. 2020ರ ಏಪ್ರಿಲ್ 28ರಂದು ನಮ್ಮ ಆಕಾಶಗಂಗೆಯೊಳಗಿನ ಒಂದು ಪ್ರಬಲ ಕಾಂತಕ್ಷೇತ್ರದ ನ್ಯೂಟ್ರಾನ್ ನಕ್ಷತ್ರದಿಂದಲೇ ಇಂಥ ಸ್ಫೋಟ ಬಂದಾಗ ಸಂಶಯ ಬಹುಮಟ್ಟಿಗೆ ಆ ಜಾತಿಯ ನಕ್ಷತ್ರಗಳತ್ತ ತಿರುಗಿತು.

ಇಲ್ಲಿ ಜತ್ತದ ಕನ್ನಡಿಗರನ್ನು ಮತ್ತೊಮ್ಮೆ ನೆನೆಯುತ್ತೇವೆ. ಅವರ ರಾಜ್ಯದಲ್ಲೇ, ಪುಣೆ ಜಿಲ್ಲೆಯ ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿ, ಗೋವಿಂದ ಸ್ವರೂಪ್ ಅವರ ಮುಂದಾಳ್ತನದಲ್ಲಿ ಕಟ್ಟಿದ ದೈತ್ಯ ದೂರದರ್ಶಕ ಸಮೂಹವಿದೆ. 45 ಮೀಟರ್ ಅಗಲದ 30 ಬೋಗುಣಿಗಳು. ಅವುಗಳಲ್ಲಿ ಗಿಡ್ಡ ಅಲೆಗಳನ್ನು ಹಿಡಿಯುವ ಗ್ರಾಹಕ ಭಾಗಗಳನ್ನು ಮಾಡಿಕೊಟ್ಟುದು ಬೆಂಗಳೂರಿನ ರಾಮನ್ ಸಂಸ್ಥೆ. ಈ ದೂರದರ್ಶಕ 2020ರಲ್ಲಿ ಇನ್ನೊಂದು ಮರುಕಳಿಸುವ ಮೂಲದ ಸ್ಫೋಟಗಳನ್ನು ಹಿಡಿಯಿತು. ಸುಮಾರು 50 ಕೋಟಿ ಜ್ಯೋತಿರ್ವರ್ಷ ದೂರದ ಆ ಮೂಲ 16 ದಿನಗಳಿಗೊಮ್ಮೆ ಎಚ್ಚೆತ್ತು ಕೆಲವು ದಿನ ಸಿಡಿದು ಮತ್ತೆ ಸುಮ್ಮನಾಗುವಂಥದು. ಜತ್ತದ ಕನ್ನಡ ಶಾಲೆಯ ಮಗುವಿಗೆ ಖೋಡದ್ ತನ್ನದೇ ರಾಜ್ಯದ್ದು, ಅದರ ಕಿವಿಯ ಒಂದು ಭಾಗ ತನ್ನ ಭಾಷೆಯ ರಾಜಧಾನಿಯದ್ದು. ಗಡಿಯಲ್ಲಿ ಇರುವವರಿಗೆ ಎರಡೂ ಕಡೆ ಪಾಲಿಲ್ಲವೆಂಬ ಕೊರಗು ಸಾಮಾನ್ಯ. ಎರಡೂ ಕಡೆ ಪಾಲುಂಟು ಎನ್ನಲು ಇಂಥ ಒಂದು ಉದಾಹರಣೆ ಸಾಲದೇ?

ರಾಧಾಕೃಷ್ಣನ್ ಅವರು 2011ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ವಯಸ್ಸು 81. ಕೊನೆಯವರೆಗೂ ದೋಣಿ ಕಟ್ಟುವ, ಹಾರುವ ಗಾಳಿರೆಕ್ಕೆಗಳನ್ನು ರಚಿಸುವ ಹುಚ್ಚನ್ನು ಬಿಟ್ಟವರಲ್ಲ. ಕ್ಷಿಪ್ರ ಸ್ಫೋಟಗಳು ಮತ್ತೆ ಬರುತ್ತವೆ ಎಂಬುದನ್ನು ಕಾಣಲು ಅವರಿರಲಿಲ್ಲ. ಅವುಗಳನ್ನು ಅವರು ಕಂಡುಹಿಡಿದರೆಂದು ನಾವು ಹೇಳುವುದೂ ಇಲ್ಲ. ಆದರೆ 2022ರ ಅಕ್ಟೋಬರ್ 22ರಂದು ಕೆನಡದ ಚೈಮ್ ದೂರದರ್ಶಕ ಸುಮಾರು 20 ಕೋಟಿ ಜ್ಯೋತಿರ್ವರ್ಷ ದೂರದ ಸ್ಫೋಟವೊಂದನ್ನು ಹಿಡಿಯಿತು. ಅದು ಬಂದುದು ಒಂದೇ ಸಲ. ಆ ಎರಡು ಮೂರು ಮಿಲಿಸೆಕೆಂಡಿನ ಒಳಗೆ ಅಲೆಯ ದಿಕ್ಕು ಮೊದಲು ನಿಧಾನವಾಗಿ, ನಡುವೆ ಬೇಗಬೇಗನೆ, ಕೊನೆಗೆ ಮತ್ತೆ ನಿಧಾನವಾಗಿ ತಿರುಗಿತ್ತು. 1969ರಲ್ಲಿ ವೇಲಾದಲ್ಲಿ ಕಂಡ ಅದೇ ತಿರುವು. ಸುತ್ತುವ ನ್ಯೂಟ್ರಾನ್ ನಕ್ಷತ್ರದ ಸಮೀಪದಿಂದಲೇ ಅದು ಹೊರಟಿರಬೇಕೆಂದು 2025ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುಕಳಿಸುವ ಮೂಲಗಳಲ್ಲಿ ಹಲವು ಈ ತಿರುವನ್ನು ತೋರಿಸುವುದಿಲ್ಲ. ಏಕೆ ಎಂಬುದು ಈಗಿನ ಪ್ರಶ್ನೆ. ಆ ಪ್ರಶ್ನೆಯನ್ನು ಕೇಳಲು ಬಳಸುತ್ತಿರುವ ಅಳತೆಗೋಲು ಮಾತ್ರ ರಾಧಾಕೃಷ್ಣನ್ ಅವರದು.

ನಮ್ಮ ಮನೆಗಳಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವ ಕಾಲ ಬಂದಾಗಲೆಲ್ಲ ಒಂದೇ ಚರ್ಚೆ. ಕನ್ನಡದಲ್ಲಿ ಓದಿದರೆ ವಿಜ್ಞಾನ ಕೈತಪ್ಪೀತೇ ಎಂಬ ಭಯ ತಂದೆತಾಯಿಗಳಿಗೆ. ಆ ಚರ್ಚೆಯನ್ನು ಒಬ್ಬರ ಜೀವನದಿಂದ ತೀರ್ಮಾನಿಸಲಾಗದು. ರಾಧಾಕೃಷ್ಣನ್ ಅವರು ನಮ್ಮ ಶಾಲೆಗಳಲ್ಲಿ ಓದಿದವರೂ ಅಲ್ಲ. ಆದರೂ ಒಂದು ಮಾತನ್ನು ಹೇಳಬಹುದು. ಹಗ್ಗದ ಅಲೆ, ಕೆಸರುಗದ್ದೆಯ ನಡಿಗೆ, ಕೊಡೆಯ ಕಡ್ಡಿ, ಕಾಪುವಿನ ದೀಪ, ಇಷ್ಟರಿಂದಲೇ ಅವರ ವಿದ್ಯೆಯ ತಿರುಳನ್ನು ಕನ್ನಡದಲ್ಲಿ ಹೇಳಲು ನಮಗೆ ಸಾಧ್ಯವಾಯಿತು. ಹೇಳುವವರಿದ್ದರೆ ಭಾಷೆ ಸೋಲುವುದಿಲ್ಲ. ಪ್ರತಿವರ್ಷ ಫೆಬ್ರವರಿ 28ರಂದು, ರಾಮನ್ ಅವರ ಶೋಧದ ನೆನಪಿಗಾಗಿ, ದೇಶದಲ್ಲೆಲ್ಲ ವಿಜ್ಞಾನ ದಿನ ನಡೆಯುತ್ತದೆ. ಆ ದಿನ ನಮ್ಮ ಕನ್ನಡ ಶಾಲೆಗಳಲ್ಲಿ ತಂದೆಯ ಹೆಸರಿನೊಡನೆ ಮಗನ ಕಥೆಯನ್ನೂ ಹೇಳಲಿ. ಮನೆಯ ಅಟ್ಟದಲ್ಲಿ ಹಳೆಯ ರೇಡಿಯೋ ಉಳಿದಿದ್ದರೆ ಕೆಳಗಿಳಿಸಿ ಮಕ್ಕಳ ಕೈಗೆ ಕೊಡಿ. ನಿಲಯ ಸಿಗದೆ ಬರಿಯ ಸದ್ದು ಬಂದರೆ ಕೂಡಲೇ ಮುಚ್ಚಬೇಡಿ. ಅಂಥ ಸದ್ದಿನ ಬೆನ್ನು ಹತ್ತಿಯೇ ಜಾನ್ಸ್ಕಿ ಆಕಾಶಗಂಗೆಯನ್ನು ಮುಟ್ಟಿದುದು ಎಂದು ಅವರಿಗೆ ಹೇಳಿ.